ಆರು ಪ್ರಿಂಟರುಗಳೂ ನನ್ನ ಒಂಬತ್ತೂ

ಜೂನ್ ಹದಿನೈದು, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತಿದ್ದೇನೆ. ತಾರೀಖು, ಗಂಟೆ ಎರಡನ್ನೂ ಅಕ್ಷರದಲ್ಲಿ ಬರೆದಿರುವುದನ್ನು ನೀವು ಗಮನಿಸಿರಬಹುದು. ಅದು ನನಗೆ ನಾನೇ ವಿಧಿಸಿಕೊಂಡ ಶಿಕ್ಷೆ. ಇಲ್ಲಿ ಒಂದೆರಡು ಕಡೆ ಬಿಟ್ಟರೆ ಅಂಕಿಗಳು ಕಾಣಿಸುವುದಿಲ್ಲ. ಕಾಣಿಸಿದ ಕಡೆ ಅವನ್ನು ನಂಬಬೇಡಿ.

ದಿನಚರಿ ಬರೆಯುವವರಲ್ಲಿ ಎರಡು ಬಗೆ. ಮನಸ್ಸಿನೊಳಗೆ ನಡೆದದ್ದನ್ನು ಬರೆಯುವವರು ಕೆಲವರು, ಹೊರಗೆ ನಡೆದದ್ದನ್ನು ಎಣಿಸಿಡುವವರು ಕೆಲವರು. ನಾನು ಎಣಿಸುವವನು. ತೊಂಡೇಬಾವಿಯಿಂದ ಗೌರಿಬಿದನೂರಿಗೆ ಹೋಗುವ ಬೆಳಗಿನ ರೈಲು ಎಷ್ಟು ನಿಮಿಷ ತಡ, ಕಚೇರಿಯಲ್ಲಿ ಕುಡಿದ ಟೀ ಎಷ್ಟು ಲೋಟ, ನಮ್ಮ ಸಾಹೇಬರು ದಿನಕ್ಕೆ ಎಷ್ಟು ಸಲ "ನೋಡಣ" ಅಂದರು, ಎಲ್ಲವೂ ನನ್ನಲ್ಲಿ ದಾಖಲಾಗಿದೆ. ಸಾಹೇಬರ "ನೋಡಣ" ಫೆಬ್ರವರಿಯಲ್ಲಿ ಅತಿ ಹೆಚ್ಚು, ಮಾರ್ಚಿಯಲ್ಲಿ ಅತಿ ಕಡಿಮೆ. ಮಾರ್ಚಿ ಮುಗಿದರೆ ಮಂಜೂರಾದದ್ದೆಲ್ಲ ವಾಪಸು ಹೋಗುತ್ತದಾದ್ದರಿಂದ ಆ ತಿಂಗಳು "ನೋಡಣ" ಹೋಗಿ "ಮಾಡ್ರಪ್ಪ, ಬೇಗ ಮಾಡ್ರಿ" ಬರುತ್ತದೆ. "ಬೇರೆ ಮಕ್ಕಳು ಹುಟ್ಟಿದ ತಕ್ಷಣ ಅತ್ವು, ಇವನು ಸುತ್ತ ಎಷ್ಟು ಜನ ಇದಾರೆ ಅಂತ ಎಣಿಸ್ದ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಇಷ್ಟು ದಿನ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಇನ್ನೊಂದು ವಿಷಯ ಹೇಳಿಬಿಡಬೇಕು. ನಾನು ಎಣಿಸಿದ್ದೆಲ್ಲವನ್ನೂ ಕನ್ನಡ ಅಂಕಿಗಳಲ್ಲೇ ಬರೆಯುತ್ತಿದ್ದೆ. ಇಂಗ್ಲಿಷ್ ಅಂಕಿ ಬರೆದ ಸಹೋದ್ಯೋಗಿಗಳನ್ನು ಕಂಡರೆ ನಗುತ್ತಿದ್ದೆ. ಒಂದು ರಾಜ್ಯೋತ್ಸವದ ದಿನ ಸಾಹೇಬರು ನನ್ನ ಕಡತವೊಂದನ್ನು ಎಲ್ಲರಿಗೂ ತೋರಿಸಿ, "ನೋಡ್ರಿ, ಅಂಕಿ ಅಂದ್ರೆ ಹಿಂಗಿರಬೇಕು" ಎಂದು ಹೇಳಿ ನನಗೊಂದು ಶಾಯಿ ಪೆನ್ನು ಕೊಟ್ಟಿದ್ದರು. ಧಾರಾಳವಾಗಿ ಶಾಯಿ ಬಿಡುವ ಪೆನ್ನು. ಅದು ಕೈಗೆ ಬಂದ ಮೇಲೆ ನನ್ನ ಅಂಕಿಗಳ ಬಾಲಗಳು ಇನ್ನಷ್ಟು ಉದ್ದವಾದವು.

ಗೌರಿಬಿದನೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕ. ಯಾವ ಇಲಾಖೆ ಎಂದು ಹೇಳಲಾರೆ, ನಾಚಿಕೆ ನನ್ನೊಬ್ಬನದಾಗಿರಲಿ. ನಮ್ಮಲ್ಲಿ ಆರು ಮೇಜು, ಆರು ಕಂಪ್ಯೂಟರು ಇದ್ದವು. ಪ್ರಿಂಟರು ಮಾತ್ರ ಒಂದೇ. ಆ ಒಂದು ಪ್ರಿಂಟರಿಗೂ ಸ್ವಭಾವ ಸರಿಯಿರಲಿಲ್ಲ. ನಮ್ಮ ಕಚೇರಿಯ ಹಿರಿಯ ಜವಾನ ಮುನಿವೆಂಕಟಪ್ಪನವರು ಎಡಮಗ್ಗುಲಿಗೆ ಮೂರು ಏಟು ಕೊಟ್ಟರೆ ಅದು ಒಂದು ಹಾಳೆ ಕೊಡುತ್ತಿತ್ತು. ಅವರು ರಜೆ ಹಾಕಿದ ದಿನ ಯಾರಿಗೂ ಯಾವ ಪ್ರಮಾಣಪತ್ರವೂ ಸಿಗುತ್ತಿರಲಿಲ್ಲ. ಕೊನೆಗೆ ಮೇಜಿಗೊಂದರಂತೆ ಆರು ಪ್ರಿಂಟರುಗಳಿಗೆ ಮಂಜೂರಾತಿ ಬಂತು. ಕೊಳ್ಳುವ ಕೆಲಸ ನನ್ನ ಮೇಜಿಗೆ ಬಂತು.

ಸರ್ಕಾರ ಒಂದು ವಸ್ತುವನ್ನು ಹೇಗೆ ಕೊಳ್ಳುತ್ತದೆ ಎಂಬುದರ ಬಗ್ಗೆ ನಾನು ಅಷ್ಟರಲ್ಲಾಗಲೇ ದಿನಚರಿಯಲ್ಲಿ ಸಣ್ಣದೊಂದು ಸಂಶೋಧನೆ ನಡೆಸಿದ್ದೆ. ಹಿಂದಿನ ಸಲ ಒಂದು ಕೀಬೋರ್ಡು ಕೊಳ್ಳಲು ಕಡತ ಹನ್ನೊಂದು ಮೇಜು ಸುತ್ತಿತ್ತು, ಐವತ್ತೆರಡು ದಿನ ಹಿಡಿದಿತ್ತು. ಕೀಬೋರ್ಡು ಬರುವಷ್ಟರಲ್ಲಿ ಅದನ್ನು ಕೇಳಿದ್ದವರಿಗೆ ವರ್ಗವಾಗಿತ್ತು. ಬಂದವರು ತಮ್ಮದೇ ಕೀಬೋರ್ಡು ತಂದಿದ್ದರು. ಈಗ ಎಲ್ಲವೂ ಖರೀದಿ ಪೋರ್ಟಲಿನಲ್ಲಿ ನಡೆಯುವಾಗ ಇಷ್ಟೆಲ್ಲ ಸುತ್ತಾಟ ಏಕೆ ಎನ್ನುವುದು ನನ್ನ ವಾದ. ಹಾಗಾಗಿ ನಾನೇ ಒಂದು ಪುಟದ ಹೊಸ ಬೇಡಿಕೆ ಪಟ್ಟಿ ತಯಾರಿಸಿದೆ. ಹಳೆಯ ನಮೂನೆಯಲ್ಲಿದ್ದ ಅನಗತ್ಯ ಕಾಲಮುಗಳನ್ನೆಲ್ಲ ಕಿತ್ತುಹಾಕಿದೆ. ಹಾಗೆ ಕಿತ್ತದ್ದರಲ್ಲಿ ಒಂದರ ತಲೆಬರಹ "ಸಂಖ್ಯೆ, ಅಕ್ಷರದಲ್ಲಿ" ಎಂದಿತ್ತು.

ಇಲ್ಲಿ ನಾಗರತ್ನಮ್ಮನವರನ್ನು ಪರಿಚಯಿಸಬೇಕು. ನನ್ನ ಪಕ್ಕದ ಮೇಜಿನ ಪ್ರಥಮ ದರ್ಜೆ ಸಹಾಯಕರು. ಮೂವತ್ತನಾಲ್ಕು ವರ್ಷ ಸೇವೆ ಮಾಡಿ ಮೇ ಕೊನೆಗೆ ನಿವೃತ್ತರಾಗುವವರಿದ್ದರು. ಖರೀದಿ ಪೋರ್ಟಲಿನ ಲಾಗಿನ್ ಅವರ ಹೆಸರಿನಲ್ಲಿತ್ತು. ಅವರಿಗೆ ಒಂದೇ ಒಂದು ಹೆಮ್ಮೆ. ಅವರ ಸೇವಾ ಪುಸ್ತಕದಲ್ಲಿ ಒಂದು ಮೆಮೊ ಇಲ್ಲ, ನೋಟಿಸು ಇಲ್ಲ, ಕೆಂಪು ಶಾಯಿಯ ಒಂದು ಗೀರಿಲ್ಲ. "ನನ್ನ ಮದುವೆ ಸೀರೆಗೂ ಕಲೆ ಆಗಿದೆ ಕಣಪ್ಪ, ಇದಕ್ಕಾಗಿಲ್ಲ" ಎನ್ನುತ್ತಿದ್ದರು.

ನನ್ನ ಹೊಸ ಪಟ್ಟಿಯನ್ನು ಅವರು ಕನ್ನಡಕದ ಮೇಲಿನಿಂದಲೂ ಕೆಳಗಿನಿಂದಲೂ ನೋಡಿದರು.

"ಚೆನ್ನಾಗಿದೆ. ಅಕ್ಷರದಲ್ಲೂ ಬರಿ ಕಣಪ್ಪ."

"ಮೇಡಂ, ಇದು ಕಂಪ್ಯೂಟರ್ ಕಾಲ. ಅಂಕಿ ಬರೆದ ಮೇಲೆ ಅಕ್ಷರ ಯಾಕೆ?"

"ಕಾಲ ಕಂಪ್ಯೂಟರ್ದೇ. ಕಣ್ಣು ಹಳೇದೇ ಅಲ್ವಾ?"

ನಾನು ನಕ್ಕೆ. ಅವತ್ತಿನ ದಿನಚರಿಯಲ್ಲಿ "ನಾ. ಮೇಡಂ, ಹಳೆಯ ಕಾಲದ ಸಲಹೆ, ಈ ತಿಂಗಳಲ್ಲಿ ಏಳನೆಯದು" ಎಂದು ದಾಖಲಿಸಿದೆ. ಆ ಪುಟವನ್ನು ಈಗ ಅಂಟು ಹಾಕಿ ಮುಚ್ಚಿದ್ದೇನೆ.

ಮಾರ್ಚ್ ಹತ್ತೊಂಬತ್ತು, ಬುಧವಾರ. ಬೆಳಿಗ್ಗೆ ಹತ್ತೂವರೆಗೆ ಸಾಹೇಬರು ಪಟ್ಟಿಗೆ ಸಹಿ ಹಾಕಿದರು. ಅವತ್ತು ಸಂಜೆಯೊಳಗೆ ಪೋರ್ಟಲಿಗೂ ಏರಿಸಿಬಿಟ್ಟರೆ ಇಡೀ ಖರೀದಿ ಒಂದೇ ದಿನದಲ್ಲಿ ಮುಗಿದಂತಾಗುತ್ತಿತ್ತು. ಹನ್ನೊಂದು ಮೇಜಿನ ಬದಲು ಒಂದು, ಐವತ್ತೆರಡು ದಿನದ ಬದಲು ಒಂದು. ತೊಡಕು ಒಂದೇ, ನಾಗರತ್ನಮ್ಮನವರು ಅವತ್ತು ರಜೆ ಹಾಕಿ ಬೀಗರ ಜೊತೆ ಕೈವಾರಕ್ಕೆ ಹೋಗಿದ್ದರು. ಫೋನು ಮಾಡಿದೆ.

"ನಾಳೆ ನಾನೇ ಬಂದು ಹಾಕ್ತೀನಿ ಬಿಡಪ್ಪ. ಏನು ಓಡ್ಹೋಗತ್ತಾ?"

"ಮೇಡಂ, ಇವತ್ತೇ ಆದ್ರೆ ಒಳ್ಳೇದು. ಓಟಿಪಿ ಒಂದು ಹೇಳಿಬಿಡಿ ಸಾಕು."

ನಿಜ ಹೇಳುತ್ತೇನೆ, ಅವತ್ತೇ ಆಗಬೇಕೆಂದು ಯಾರೂ ಹೇಳಿರಲಿಲ್ಲ. ದಾಖಲೆ ಬೇಕಾಗಿದ್ದದ್ದು ನನಗೆ. ಅವರು ಬ್ಯಾಗಿನಿಂದ ಕನ್ನಡಕ ಹುಡುಕಿ ತೆಗೆಯುವಷ್ಟರಲ್ಲಿ ಮೊದಲ ಓಟಿಪಿಯ ಅವಧಿ ಮುಗಿಯಿತು. ಎರಡನೆಯದು ಬಂದಾಗ ಅವರ ಹಿಂದೆ ತಾಳ, ಭಜನೆ, ಬಸ್ಸಿನ ಹಾರನ್ನು.

"ನಾಲ್ಕು... ಒಂದು... ಏಳು... ಎರಡು... ಒಂಬತ್ತು, ಒಂಬತ್ತು."

"ಕೊನೇದು ಕೇಳಿಸ್ಲಿಲ್ಲ ಮೇಡಂ!"

"ಒಂಬತ್ತು ಕಣಪ್ಪಾ! ಎರಡು ಒಂಬತ್ತು! ಒಂಬತ್ತು, ಒಂಬತ್ತು!"

ಆ ಒಂಬತ್ತು ನನ್ನ ಕಿವಿಯಲ್ಲೇ ಕುಳಿತಿತ್ತೆಂದು ಸಮಜಾಯಿಷಿ ಕೊಡಬಹುದು. ಬಹಳ ದಿನ ನನಗೆ ನಾನೇ ಅದನ್ನು ಕೊಟ್ಟುಕೊಂಡೆ ಕೂಡ. ಆದರೆ ನಡೆದದ್ದು ಇಷ್ಟೇ. ಪೋರ್ಟಲು ಎಷ್ಟು ಬೇಕೆಂದು ಕೇಳಿತು. ಪಕ್ಕದಲ್ಲಿದ್ದ ನನ್ನದೇ ಪಟ್ಟಿಯನ್ನು ನೋಡಿದೆ. ಅಲ್ಲಿ ಬಹುಮಾನದ ಪೆನ್ನಿನಲ್ಲಿ, ಉದ್ದ ಬಾಲದೊಂದಿಗೆ, ನಾನು ೬ ಎಂದು ಬರೆದಿದ್ದೆ. ನಾನೇ ಅದನ್ನು ೯ ಎಂದು ಓದಿದೆ. ಪೋರ್ಟಲಿಗೆ ಇಂಗ್ಲಿಷ್ ಅಂಕಿಯೇ ಬೇಕು, ಇಂಗ್ಲಿಷಿನಲ್ಲಿ ಒಂಬತ್ತನ್ನು ಸ್ಪಷ್ಟವಾಗಿ ಒತ್ತಿದೆ. ಪೋರ್ಟಲಿನಲ್ಲಿ ಬೆಲೆ ನಾವೆಣಿಸಿದ್ದಕ್ಕಿಂತ ಕಡಿಮೆಯಿದ್ದದ್ದರಿಂದ ಒಂಬತ್ತೂ ಮಂಜೂರಾದ ಹಣದೊಳಗೇ ಬಂದವು, ಎಲ್ಲಿಯೂ ಯಾವ ಗಂಟೆಯೂ ಬಾರಿಸಲಿಲ್ಲ. ಸಾಹೇಬರು ಮಾರ್ಚಿಯ ಗಡಿಬಿಡಿಯಲ್ಲಿ ಮೂವತ್ತು ಕಡತಗಳ ನಡುವೆ ಇದಕ್ಕೂ ಡಿಜಿಟಲ್ ಸಹಿ ಒತ್ತಿದರು. ಸಂಜೆ ರೈಲಿನಲ್ಲಿ ಕುಳಿತು ದಿನಚರಿಯಲ್ಲಿ "ಪ್ರಿಂಟರ್ ೯. ಒಂದೇ ದಿನ. ದಾಖಲೆ" ಎಂದು ಬರೆದು ಅಡಿಗೆರೆ ಎಳೆದೆ.

ಏಪ್ರಿಲ್ ಒಂಬತ್ತಕ್ಕೆ (ತಾರೀಖಿಗೂ ನನ್ನ ಮೇಲೆ ಸೇಡಿತ್ತು) ಟೆಂಪೊ ಬಂತು. ಮುನಿವೆಂಕಟಪ್ಪನವರು ಡಬ್ಬಗಳನ್ನು ಇಳಿಸಿಕೊಳ್ಳುತ್ತ ತೆಲುಗಿನಲ್ಲಿ ಎಣಿಸುತ್ತಿದ್ದರು. ಗಟ್ಟಿಯಾಗಿ ಎಣಿಸುವಾಗ ಅವರಿಗೆ ತೆಲುಗೇ ಬರುತ್ತದೆ.

"ಏಡು, ಎನಿಮಿದಿ, ತೊಮ್ಮಿದಿ. ಸಾ, ಒಂಬತ್ತು ಬಂದದೆ."

"ಸರಿಯಾಗಿ ಎಣಿಸಿ, ಆರು ಇರಬೇಕು."

"ಆರು ಅಂದ್ರೆ ಆರೇ ಎಣಿಸ್ಲಾ ಸಾ? ಮಿಕ್ಕಿದ್ದಕ್ಕೆ ಏನ್ ಮಾಡ್ಲಿ, ಕಣ್ ಮುಚ್ಕಳ್ಳಾ?"

ಆ ಕ್ಷಣದಲ್ಲಿ ನನಗೆ ಎಲ್ಲವೂ ಗೊತ್ತಾಯಿತು. ಗೊತ್ತಾದ ಮೇಲೂ ಕೈ ಸುಮ್ಮನಿರಲಿಲ್ಲ. ನನ್ನ ಶಿಸ್ತಿಗೆ ತಕ್ಕಂತೆ ಒಂಬತ್ತೂ ಡಬ್ಬಗಳನ್ನು ಒಡೆದು ಯಂತ್ರದ ಸಂಖ್ಯೆ, ವೈರು, ಕೈಪಿಡಿ, ಎಲ್ಲವನ್ನೂ ಪಟ್ಟಿ ಮಾಡಿದೆ. ಮಾರನೆಯ ದಿನ ಮಾರಿದವರಿಗೆ ಫೋನು ಮಾಡಿದಾಗ ಅವರು, "ವಾಪಸ್ ತಗಳ್ತೀವಿ ಸಾರ್, ಡಬ್ಬ ಒಂದು ಒಡ್ದಿರಬಾರ್ದು ಅಷ್ಟೇ" ಎಂದರು.

ನೀವು ಕೇಳಬಹುದು, ಹೆಚ್ಚು ಬಂದರೆ ಒಳ್ಳೆಯದೇ ಅಲ್ಲವೇ ಎಂದು. ನಮ್ಮ ಮನೆಯಲ್ಲೂ ಹಾಗೇ ಕೇಳಿದರು. ಸರ್ಕಾರದಲ್ಲಿ ಕಡಿಮೆ ಬಂದರೆ ಬರೆಯಲು ನಮೂನೆ ಇದೆ, ಒಡೆದು ಬಂದರೆ ಇದೆ, ಬಾರದೇ ಹೋದರೂ ಇದೆ. ಹೆಚ್ಚು ಬಂದರೆ ಏನು ಬರೆಯಬೇಕೆಂದು ಯಾರೂ ಯೋಚಿಸಿಲ್ಲ. ಚಿಂತಾಮಣಿಯಲ್ಲಿರುವ ನಮ್ಮದೇ ಇಲಾಖೆಯ ಕಚೇರಿಗೆ ಕೇಳಿದೆ. "ನಮಗೆ ಬೇಕೇ ಬೇಕು, ಆದ್ರೆ ನಾವು ಬೇಡಿಕೆ ಕಳಿಸಿಲ್ವಲ್ಲ. ಕೇಳದೇ ಇರೋದು ಬಂದ್ರೆ ಹೆಂಗ್ ತಗಳೋದು?" ಎಂದರು. ಶಿಡ್ಲಘಟ್ಟದವರಿಗೆ ಕೇಳಿದೆ. ಅಲ್ಲಿನ ಗುಮಾಸ್ತರು ದನಿ ತಗ್ಗಿಸಿ, "ನಮ್ಮಲ್ಲೇ ನಾಲ್ಕು ಸ್ಕ್ಯಾನರ್ ಹಂಗೇ ಬಿದ್ದಾವೆ. ನಿಮಗೇನಾದ್ರೂ ಬೇಕಾ?" ಎಂದರು.

ಏಪ್ರಿಲ್ ಇಪ್ಪತ್ತೊಂದು, ಸೋಮವಾರ ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಯಿಂದ ನೋಟಿಸು ಬಂತು. ಅಗತ್ಯಕ್ಕಿಂತ ಹೆಚ್ಚು ಖರೀದಿಸಿದ್ದೇಕೆ, ಹದಿನೈದು ದಿನದೊಳಗೆ ಕಾರಣ ಕೊಡಿ. ಲಾಗಿನ್ ಯಾರದೋ ನೋಟಿಸೂ ಅವರಿಗೇ. ನಾಗರತ್ನಮ್ಮನವರು ಅದನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು.

"ನೀನು ಬರ್ದಿದ್ದು ಆರೇ ತಾನೇ?"

"ಆರೇ ಮೇಡಂ."

ಇದು ಸುಳ್ಳಲ್ಲ. ಬರೆದದ್ದು ಆರೇ. ಒತ್ತಿದ್ದು ಎಷ್ಟೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. "ಹಂಗಾದ್ರೆ ಆ ಪೋರ್ಟಲ್ಲೇ ಏನೋ ಮಾಡಿರ್ಬೇಕು" ಎಂದರು ಅವರು. ನಾನು ತಲೆಯಾಡಿಸಿದೆ. ಬಾಯಿ ಬಿಡದೆ ಹೇಳಿದ ಸುಳ್ಳು ಎಣಿಕೆಗೆ ಬರುತ್ತದೋ ಇಲ್ಲವೋ ತಿಳಿಯದೆ ಅವತ್ತಿನ ದಿನಚರಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಅಲ್ಲಿಂದ ಹನ್ನೊಂದು ದಿನ ಸುಮ್ಮನಿದ್ದೆ. ರಜೆಗಳನ್ನು ಕಳೆದರೆ ಕಚೇರಿ ನಡೆದದ್ದು ಏಳು ದಿನ. ಆ ಏಳೂ ದಿನ ಮಧ್ಯಾಹ್ನ ನಾಗರತ್ನಮ್ಮನವರು ಎಂದಿನಂತೆ ತಮ್ಮ ಡಬ್ಬಿಯನ್ನು ನನ್ನ ಮೇಜಿಗೆ ಸರಿಸಿದರು. ಎಂದಿನಂತೆ ನಾನು ತಿಂದೆ. ಹದಿನೈದು ದೋಸೆ, ಮೂರು ದಿನ ಕಡ್ಲೇಬೀಜದ ಚಟ್ನಿ, ಎರಡು ದಿನ ಹುಳಿಯನ್ನ. ಪ್ರತಿ ತುತ್ತಿಗೂ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಬಾಯಲ್ಲಿ ತುತ್ತಿರುವಾಗ ಹೇಗೆ ಹೇಳುವುದು? ತುತ್ತು ಮುಗಿದರೆ ಅವರು ಇನ್ನೊಂದು ಹಾಕುತ್ತಿದ್ದರು.

ಏಪ್ರಿಲ್ ಇಪ್ಪತ್ತೊಂಬತ್ತರಂದು ಅವರಿಗೊಂದು ಉಪಾಯ ಹೊಳೆಯಿತು. "ನೀನು ದಿನಾ ಎಲ್ಲ ಬರ್ದಿಡ್ತೀಯಲ್ಲಪ್ಪ. ಅವತ್ತಿನ ಪುಟದಲ್ಲಿ ಆರು ಅಂತ ಇದ್ದೇ ಇರತ್ತೆ. ಅದರ ನಕಲು ಲಗತ್ತಿಸಿ ಕಳಿಸಣ. ಮುಂದಿನ ಸಲ ಬರುವಾಗ ತಗಂಬಾ. ನಿನ್ನ ಲೆಕ್ಕ ತಪ್ಪು ಅನ್ನೋಕೆ ಯಾರಿಗೂ ಆಗಲ್ಲ."

ನನ್ನ ದಿನಚರಿಯನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ಗೌರವದಿಂದ ಕೇಳಿದ್ದರು.

ಎರಡು ದಿನದ ರಜೆ ಕಳೆದು ಮೇ ಎರಡು, ಶುಕ್ರವಾರ, ರೈಲಿನಲ್ಲಿ ಆ ಪುಟ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದರೆ ಆರಿನಂತೆ, ನೆರಳಿಗೆ ತಂದರೆ ಒಂಬತ್ತಿನಂತೆ. ಎದುರಿಗೆ ಹೂವಿನ ಕುಕ್ಕೆ ಇಟ್ಟುಕೊಂಡು ಕುಳಿತಿದ್ದವರಿಗೆ ತೋರಿಸಿದೆ. "ಅಣ್ಣ, ಇದು ಎಷ್ಟು ಹೇಳಿ?"

"ಒಂಬತ್ತು." ಮತ್ತೆ ನೋಡಿದರು. "ಆರೂ ಇರ್ಬೋದು. ಯಾರ ಕೈಬರಹ ಇದು, ಡಾಕ್ಟರ್ದಾ?"

"ನಂದೇ."

"ಹಂಗಾದ್ರೆ ನಿಮಗೇ ಗೊತ್ತಿರ್ಬೇಕಲ್ಲ ಸ್ವಾಮಿ!"

ಗೊತ್ತಿತ್ತು. ಅದೇ ಕಷ್ಟವಾಗಿತ್ತು. ಈ ಪುಟವನ್ನು ಕೊಟ್ಟು "ಇದು ಆರು" ಎಂದರೆ ನಂಬಿಸಬಹುದಿತ್ತು. ನಾಗರತ್ನಮ್ಮನವರು ನಂಬಿ ಅದರ ಕೆಳಗೆ ಸಹಿ ಹಾಕುತ್ತಿದ್ದರು. ಪೋರ್ಟಲಿನಲ್ಲಿ ಒತ್ತಿದ್ದೆಲ್ಲ ಉಳಿದಿರುತ್ತದೆ. ಜಿಲ್ಲೆಯವರು ಅದನ್ನು ತೆಗೆಸಿದರೆ ಅವರ ಸೇವಾ ಪುಸ್ತಕದಲ್ಲಿ ತಪ್ಪಿನ ಜೊತೆಗೆ ಸುಳ್ಳೂ ಸೇರುತ್ತಿತ್ತು.

ಮಧ್ಯಾಹ್ನ ಡಬ್ಬಿ ಸರಿಯಿತು. ನಾನು ಕೈ ಹಾಕಲಿಲ್ಲ.

"ಯಾಕಪ್ಪ, ಹಸಿವಿಲ್ವಾ?"

"ಮೇಡಂ, ಒತ್ತಿದ್ದು ಒಂಬತ್ತೇ."

"ಯಾರು?"

"ನಾನು."

ಅವರು ಡಬ್ಬಿಯ ಮುಚ್ಚಳ ಹಾಕಿದರು. ಆ ಸದ್ದು ಇನ್ನೂ ಕಿವಿಯಲ್ಲಿದೆ.

"ಯಾವಾಗ ಗೊತ್ತಾಯ್ತು ನಿಂಗೆ?"

"ಡಬ್ಬ ಬಂದ ದಿನ. ಏಪ್ರಿಲ್ ಒಂಬತ್ತು."

"ಇಪ್ಪತ್ಮೂರು ದಿನ" ಎಂದರು ಅವರು, ಬೆರಳು ಮಡಿಸದೆ. ನನ್ನ ದಿನಚರಿಯಲ್ಲಿ ನಾನು ಮೌನವನ್ನು ನೋಟಿಸು ಬಂದ ದಿನದಿಂದ ಎಣಿಸಿ ಹನ್ನೊಂದು ಎಂದು ಬರೆದುಕೊಂಡಿದ್ದೆ. ಅವರ ಲೆಕ್ಕವೇ ಸರಿ. "ಇಪ್ಪತ್ಮೂರು ದಿನ ನನ್ ಡಬ್ಬೀಲಿ ಕೈ ಹಾಕ್ದಲ್ಲೋ. ಆ ಕೈಯಲ್ಲಿ ಒಂದು ಸಾಲು ಬರ್ದು ಕೊಡೋಕಾಗ್ಲಿಲ್ವಾ? ಕೂತ್ಕೋ. ಈಗ ಬರಿ."

ಬರೆದೆ. ಒತ್ತಾಯ ಮಾಡಿ ಓಟಿಪಿ ಪಡೆದವನು ನಾನು, ಒಂಬತ್ತು ಒತ್ತಿದವನು ನಾನು, ಪಟ್ಟಿಯಿಂದ ಅಕ್ಷರದ ಕಾಲಮು ಕಿತ್ತವನೂ ನಾನು ಎಂದು ಎರಡು ಪುಟ. ನೋಟಿಸಿನ ಕಡತ ಸಂಖ್ಯೆಯನ್ನು ಮೇಲೆ ನಮೂದಿಸಿದೆ. ಅವರು ತಮ್ಮ ಮೇಜಿಗೆ ಒಯ್ದು ಓದಿ, ಲಕೋಟೆಗೆ ಹಾಕಿ ಅಂಟಿಸಿದರು. ಮಾರನೆಯ ದಿನ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ನಾನೇ ಕೊಟ್ಟು ಬಂದೆ. ಅಂದಿನಿಂದ ಮಧ್ಯಾಹ್ನದ ಡಬ್ಬಿ ಅವರ ಮೇಜಿನಲ್ಲೇ ಉಳಿಯಿತು. ನಾನು ಮನೆಯಿಂದ ತಂದ ಬುತ್ತಿಯನ್ನು ಕಂಪ್ಯೂಟರಿನ ಕಡೆ ಮುಖ ಮಾಡಿ ತಿನ್ನುತ್ತಿದ್ದೆ. ಪಡಸಾಲೆಯಲ್ಲಿ ಹೆಚ್ಚಾದ ಮೂರು ಪ್ರಿಂಟರಿನ ಡಬ್ಬಗಳ ಮೇಲೆ ಕೆಲಸಕ್ಕೆ ಬಂದ ಜನ ಕೂರತೊಡಗಿದ್ದರು. "ಬೆಂಚಿಗೆ ಬರೆದ್ರೆ ಹತ್ತು ವರ್ಷ ಆಗ್ತದೆ, ಸಾರು ಒಂದೇ ದಿನದಾಗೆ ತರ್ಸಿದ್ರು" ಎಂದು ಮುನಿವೆಂಕಟಪ್ಪನವರು ಬಂದವರಿಗೆ ಹೇಳುತ್ತಿದ್ದರು.

ಮೇ ಕೊನೆಯ ವಾರ ಬಂದರೂ ಜಿಲ್ಲೆಯಿಂದ ಉತ್ತರವಿಲ್ಲ. ನೋಟಿಸು ಕೈಬಿಟ್ಟ ಆದೇಶ ಬಾರದೆ ನಿವೃತ್ತಿಯಾದರೆ ಆ ಸೇವಾ ಪುಸ್ತಕದ ಕೊನೆಯ ಪುಟದಲ್ಲಿ "ವಿಚಾರಣೆ ಬಾಕಿ" ಎಂದು ಉಳಿಯುತ್ತಿತ್ತು. ಮೇ ಮೂವತ್ತರಂದು ರಜೆ ಹಾಕಿ ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋದೆ. ಅಲ್ಲಿನ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಓ, ಆ ಪ್ರಿಂಟರ್ ನೀವೇನಾ? ನಿಮ್ಮ ಕಾಗದ ಮೂರು ವಾರ ಚಿಂತಾಮಣಿ ಜೀಪಿನ ಟೈರಿನ ಕಡತದಲ್ಲಿತ್ತು ಕಣ್ರೀ. ನೀವು ಬರೆದ ನಂಬರ್ ನೋಡಿ, ನಾವು ಅರವತ್ತೊಂಬತ್ತು ಅಂತ ಅಲ್ಲಿಗೆ ಹಾಕಿದ್ವಿ."

ಮೇಲೆ ನಾನು ಬರೆದದ್ದು ೯೬. ಅದೇ ಪೆನ್ನು. ನಾಲ್ಕು ಬಗೆಯಲ್ಲಿ ಓದಬಹುದೆಂದು ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ.

"ಮತ್ತೆ ಹೇಗೆ ಸಿಕ್ತು ಸಾರ್?"

"ಇಗೋ, ಇದರಿಂದ. ಮೊದಲು ಕಣ್ಣಿಗೇ ಬಿದ್ದಿರ್ಲಿಲ್ಲ." ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಅಂಕಿಗಳ ಕೆಳಗೆ, ಪೆನ್ಸಿಲಿನಲ್ಲಿ, ದುಂಡನೆಯ ಸಣ್ಣ ಅಕ್ಷರದಲ್ಲಿ ಯಾರೋ ಬರೆದಿದ್ದರು: "ತೊಂಬತ್ತಾರು ಮಾತ್ರ." ಆ ದುಂಡು ಅಕ್ಷರವನ್ನು ನಾನು ನಾಲ್ಕು ವರ್ಷದಿಂದ ಪಕ್ಕದ ಮೇಜಿನಲ್ಲಿ ನೋಡುತ್ತಿದ್ದೇನೆ. ಲಕೋಟೆ ಅಂಟಿಸುವ ಮುಂಚೆ, ನನ್ನ ಮೇಲೆ ಅಷ್ಟು ಕೋಪವಿದ್ದ ಹೊತ್ತಿನಲ್ಲೂ, ಅವರು ತಮ್ಮ ಅಭ್ಯಾಸ ಬಿಟ್ಟಿರಲಿಲ್ಲ. ಆದೇಶಕ್ಕೆ ಹಿಂದಿನ ದಿನವಷ್ಟೇ ಸಹಿಯಾಗಿತ್ತು. ನಾಗರತ್ನಮ್ಮನವರ ಮೇಲಿನ ನೋಟಿಸು ಕೈಬಿಡಲಾಗಿದೆ, ಓಟಿಪಿ ಯಾರಿಗೂ ಹೇಳಬಾರದೆಂದು ಬಾಯಿಮಾತಿನಲ್ಲಿ ತಿಳಿಸುವುದು. ಅದರ ಕೆಳಗೆ ನನಗೊಂದು ಮೆಮೊ. ಅವರ ಸೇವಾ ಪುಸ್ತಕವನ್ನು ನನ್ನ ಎರಡು ಪುಟದ ತಪ್ಪೊಪ್ಪಿಗೆ ಕಾಪಾಡುತ್ತದೆಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಕಾಪಾಡಿದ್ದು ಅವರದೇ ಎರಡು ಪದ.

ಮೇ ಮೂವತ್ತೊಂದು, ಶನಿವಾರ. ಶಾಲು, ಹಾರ, ಸಾಹೇಬರ ಭಾಷಣ ಎಲ್ಲ ಮುಗಿಯಿತು. ಆದೇಶವನ್ನು ಸೇವಾ ಪುಸ್ತಕಕ್ಕೆ ತಾವೇ ಸೇರಿಸಿ, ಪುಟ ಸವರಿ ಮುಚ್ಚಿದ ಮೇಲೆ ನಾಗರತ್ನಮ್ಮನವರು ಬ್ಯಾಗಿನಿಂದ ಡಬ್ಬಿ ತೆಗೆದರು. ಸಮಾರಂಭದ ದಿನವೂ ಡಬ್ಬಿ ತಂದಿದ್ದರು. ಅದನ್ನು ನನ್ನ ಮೇಜಿಗೆ ಸರಿಸಿದರು.

"ಎಷ್ಟು ಹಾಕ್ಲಿ?"

ನಾನು ಎರಡು ಬೆರಳು ತೋರಿಸಿದೆ.

"ಅಂಕಿ ಬೇಡ ಕಣಪ್ಪ. ಅಕ್ಷರದಲ್ಲಿ ಹೇಳು."

"ಎರಡು ಮೇಡಂ" ಎಂದೆ. "ಎರಡು ಮಾತ್ರ."

ಈಗ ಗಂಟೆ ಒಂಬತ್ತು. ನನ್ನ ಸೇವಾ ಪುಸ್ತಕದ ಮೊದಲ ಮೆಮೊ ಅದರ ಆರನೆಯ ಪುಟದಲ್ಲಿದೆ. ಒಂಬತ್ತನೆಯದಲ್ಲ, ಮೂರು ಸಲ ನೋಡಿದ್ದೇನೆ. ಬೇಡಿಕೆ ಪಟ್ಟಿಗೆ ಅಕ್ಷರದ ಕಾಲಮನ್ನು ವಾಪಸು ಹಾಕಿದ್ದೇನೆ, ಬಹುಮಾನದ ಪೆನ್ನನ್ನು ಅಮ್ಮನಿಗೆ ಕೊಟ್ಟಿದ್ದೇನೆ, ಹಾಲಿನ ಲೆಕ್ಕಕ್ಕೆ ಬೇಡ ಎಂದೂ ಹೇಳಿದ್ದೇನೆ. ಮೂರು ಪ್ರಿಂಟರುಗಳು ಮಾತ್ರ ಇನ್ನೂ ಪಡಸಾಲೆಯಲ್ಲಿವೆ. ಕೇಳದೆ ಹೆಚ್ಚಾಗಿ ಬಂದ ಸರ್ಕಾರಿ ವಸ್ತುವನ್ನು ಬೇಕಾದ ಕಚೇರಿಗೆ ಕಳಿಸಲು ಯಾವ ನಮೂನೆಯಲ್ಲಿ ಬರೆಯಬೇಕೆಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೊಂದು ಕಾಗದ ಬರೆಯಿರಿ. ನಮೂನೆಯ ಸಂಖ್ಯೆಯನ್ನು ಅಕ್ಷರದಲ್ಲಿ ಬರೆಯಿರಿ. ಓದುವವನು ನಾನು.